ಕೇಕ್ ಕತ್ತರಿಸುವ ಹೊತ್ತಿನ ಗಿಟಾರ್

ಪುಟ್ಟೇನಹಳ್ಳಿ ಕೆರೆಯ ತಿರುವಿನಲ್ಲಿ ನನ್ನ ಸ್ಕೂಟರ್ ಜಾರಿತು. ಎಡಕ್ಕೆ ಬಿದ್ದೆ, ಬೆನ್ನಿಗಿದ್ದ ಗಿಟಾರ್ ನನ್ನ ಕೆಳಗೆ ಸಿಕ್ಕಿತು. ಮೊದಲು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡೆ. ಎಲ್ಲವೂ ಮಡಚಿದವು. ಆಮೇಲೆ ಚೀಲದ ಜಿಪ್ ತೆಗೆದೆ. ಗಿಟಾರಿನ ಕುತ್ತಿಗೆ ಮುರಿದು, ತಂತಿಗಳಲ್ಲಿ ನೇತಾಡುತ್ತಿತ್ತು.

ಬನಶಂಕರಿಯ ಒಂದು ರೆಸ್ಟೋರೆಂಟಿನಲ್ಲಿ ಪ್ರತಿ ಶನಿವಾರ ಸಂಜೆ ನಾನೂ ಬೇಸ್ ಗಿಟಾರಿನ ಗೆಳೆಯನೂ ಜಾಜ್ ನುಡಿಸುತ್ತೇವೆ. ಶನಿವಾರದೊಳಗೆ ಬೇರೆ ಗಿಟಾರ್ ಸಿಗದಿದ್ದರೆ ಮಾಲೀಕರು ಬೇರೆ ಜೋಡಿಯನ್ನು ಕರೆಸುತ್ತಿದ್ದರು. ಒಮ್ಮೆ ಬಿಟ್ಟುಕೊಟ್ಟ ಜಾಗ ಮತ್ತೆ ಸಿಗುವುದು ಕಷ್ಟ.

ನನಗೆ ಬೇಕಾಗಿದ್ದದ್ದು ಆರ್ಚ್‌ಟಾಪ್: ಪಿಟೀಲಿನ ಹಾಗೆ ಮೇಲ್ಮೈ ಉಬ್ಬಿದ, ಒಳಗೆ ಟೊಳ್ಳಾದ ಗಿಟಾರ್. ನನ್ನ ಕೈಗೆಟುಕುವ ಬೆಲೆಯಲ್ಲಿ ಎರಡೇ ಇದ್ದವು, ಎರಡೂ ಬಳಸಿದವು, ಇಟ್ಟಮಡುವಿನಲ್ಲಿ ಗೆಳೆಯನ ಪರಿಚಯದವರೊಬ್ಬರ ಮನೆಯಲ್ಲಿ. ಒಂದು ದಪ್ಪ ಹೊಟ್ಟೆಯದು, ಜೇನುಬಣ್ಣ. ಇನ್ನೊಂದು ತೆಳ್ಳನೆಯದು, ಪ್ಲೈವುಡ್ಡಿನದು, ಬಣ್ಣ ಕಾಫಿ ಕಲೆಯಂಥದು. ದಪ್ಪನೆಯದರ ದನಿ ಎದೆಗೇ ತಾಗಿತು.

"ಎರಡೂ ತಗೊಂಡ್ಹೋಗಿ ಸಾರ್, ನುಡಿಸೋ ಜಾಗದಲ್ಲೇ ನೋಡಿ. ಬೇಡದ್ದನ್ನ ಸಂಜೆ ವಾಪಸ್ ತನ್ನಿ," ಎಂದರು ಅವರು.

ಸ್ಕೂಟರ್ ಹತ್ತಲು ಇನ್ನೂ ಧೈರ್ಯ ಬಂದಿರಲಿಲ್ಲ. ಆಟೋದಲ್ಲಿ ಎರಡನ್ನೂ ಅವುಚಿಕೊಂಡು ಕೂತೆ. ಹಂಪ್ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡೆ.

ಮಧ್ಯಾಹ್ನದ ರೆಸ್ಟೋರೆಂಟ್ ಖಾಲಿ ಇತ್ತು. ಗೆಳೆಯ ಆಗಲೇ ಬಂದಿದ್ದ. ನಮ್ಮ ಜಾಗ ಕಂಬಕ್ಕೂ ಕೈತೊಳೆಯುವ ಬೇಸಿನ್ನಿಗೂ ನಡುವೆ. ಆಂಪ್ಲಿಫೈಯರ್ ನನ್ನ ಬೆನ್ನಿಗೇ ತಾಗಿರುತ್ತದೆ. ದಪ್ಪನೆಯದನ್ನು ಮೆಲ್ಲಗೆ ನುಡಿಸಿದೆ.

"ಸಖತ್ ಮಗಾ, ಇದೇ ಫಿಕ್ಸ್," ಎಂದ ಗೆಳೆಯ.

ಮಾಲೀಕರು ಕೌಂಟರಿನಿಂದ ಕೂಗಿದರು: "ಸಾರ್, ಇದು ಊಟದ ಸೌಂಡು. ಕೇಕಿಗೆ ಬನ್ನಿ."

ನಿಜ. ಪ್ರತಿ ಶನಿವಾರ ಯಾವುದಾದರೂ ಟೇಬಲಿಗೆ ಹುಟ್ಟುಹಬ್ಬದ ಕೇಕ್ ಬರುತ್ತದೆ. ಚಪ್ಪಾಳೆಯನ್ನು ಮೀರಿ ಕೇಳಿಸುವಂತೆ ನಾವು ದನಿ ಏರಿಸಲೇಬೇಕು. ಏರಿಸಿದೆ. ಗಿಟಾರ್ ಊಳಿಟ್ಟಿತು. ಆಂಪ್ಲಿಫೈಯರಿನ ದನಿಯನ್ನು ಆ ಟೊಳ್ಳು ಹೊಟ್ಟೆ ನುಂಗಿ ಮತ್ತೆ ಕಾರುತ್ತಿತ್ತು.

"ಕೇಕ್ ಬಿಟ್ಟು ಓಡೋಗ್ತಾರೆ ಗುರು!" ಎಂದ ಗೆಳೆಯ.

"ಫಿಕ್ಸ್ ಅಂದೋನು ನೀನೇ ಅಲ್ವೇನೋ?"

"ಊಟಕ್ಕೆ ಅಂದೆ. ಕೇಕಿಗೆ ಅಂದ್ನಾ?"

ತೆಳ್ಳನೆಯದನ್ನು ಅಷ್ಟೇ ಜೋರಾಗಿ ನುಡಿಸಿದೆ. ಊಳಿಡಲಿಲ್ಲ. ದನಿ ಸ್ವಲ್ಪ ಒಣ, ಆದರೆ ಒಂದೊಂದು ಸ್ವರವೂ ಬಿಡಿಯಾಗಿ ಕೇಳಿಸಿತು. ಬಿದ್ದಾಗಿನಿಂದ ನೋಯುತ್ತಿದ್ದ ಎಡ ಭುಜಕ್ಕೂ ಅದು ಭಾರವೆನಿಸಲಿಲ್ಲ. ಜೇನುಬಣ್ಣದ್ದನ್ನು ಸಂಜೆ ಇಟ್ಟಮಡುವಿಗೆ ಮರಳಿಸಿದೆ. ಕೊಡುವ ಮುಂಚೆ ಒಮ್ಮೆ ಮೆಲ್ಲಗೆ ಮೀಟಿದೆ, ಅಷ್ಟೆ.

ಶನಿವಾರ ಎರಡು ಕೇಕ್ ಬಂದವು. ಮೊದಲನೆಯದಕ್ಕೆ ದನಿ ಏರಿಸುವಾಗ ಆಂಪ್ಲಿಫೈಯರಿನ ಕಡೆ ತಿರುಗಿ ನೋಡಿದೆ. ಎರಡನೆಯದಕ್ಕೆ ತಿರುಗಲಿಲ್ಲ. ಆ ಟೇಬಲಿನವರು ನಮಗೂ ಕೇಕ್ ಕಳಿಸಿದರು. ಗಿಟಾರನ್ನು ತೊಡೆಯಿಂದ ಇಳಿಸದೆಯೇ ತಿಂದೆ.