ಕೆಮ್ಮದೆ ನಿಂತವರು

ಸುಟ್ಟ ಒಣಮೆಣಸಿನಕಾಯಿಯ ಘಾಟು ಎಲ್ಲಿಂದ ತೇಲಿ ಬಂದರೂ ನನಗೆ ಬಾಗಲಗುಂಟೆಯ ನಮ್ಮ ಹಳೇ ಹೆಂಚಿನ ಮನೆಯ ಅಡುಗೆಕೋಣೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಅದೇ ಜಾಗದಲ್ಲಿ ನಮಗೂ ಬಾಡಿಗೆಯವರಿಗೂ ಎಂದು ಕಟ್ಟಿಸಿದ ಮೂರು ಅಂತಸ್ತಿನ ಕಟ್ಟಡವಿದೆ. ಆಗ ಒಲೆಯ ಮುಂದೆ ಕೂತ ಅಜ್ಜಿಯ ಮಾತಿಗೆ ಯಾರೂ ಕಾಯುತ್ತಿರಲಿಲ್ಲ, ಮುಖ ನೋಡುತ್ತಿದ್ದೆವು. ಅವಳ ಹುಬ್ಬು ಗಂಟಿಕ್ಕಿದರೆ ಅಂದಿನ ಸಾರೂ ಸಪ್ಪೆ. ನಿಮ್ಮ ಮನೆಯಲ್ಲೂ ಅಂಥದೊಂದು ಮುಖ ಇದ್ದಿರಬಹುದು.

ನನಗೆ ಎಂಟು ವರ್ಷವಿದ್ದಾಗ ಎರಡು ದಿನ ಊಟ ಸೇರಲಿಲ್ಲ. ಕದ್ದು ತಿಂದ ಹಸಿ ಕಡಲೆಕಾಯಿಯ ಫಲ ಅದು, ಗೊತ್ತಿದ್ದೂ ಹೇಳಲಿಲ್ಲ. ಅಜ್ಜಿ ಮೆಣಸಿನಕಾಯಿ, ಉಪ್ಪು ನೀವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ಮಗುವಿಗೆ ಯಾರದೋ ಕಣ್ಣು ಬಿದ್ದಿದೆ ಎಂದರ್ಥ. ಘಾಟು ಬಂತು, ಗಂಟಲು ಉರಿಯುವಷ್ಟು. ಆದರೆ ಅಜ್ಜಿ ಕೆಮ್ಮಲಿಲ್ಲ. ಅವಳನ್ನು ನೋಡಿ ಅಮ್ಮ ಕೆಮ್ಮಲಿಲ್ಲ, ಅಮ್ಮನನ್ನು ನೋಡಿ ದೊಡ್ಡಮ್ಮ ಉಸಿರು ಬಿಗಿಹಿಡಿದಳು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, ಮಕ್ಕಳಿಲ್ಲದವಳು, ಒಬ್ಬಳೇ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಅಯ್ಯೋ ಅತ್ತೆ, ಏನ್ ಘಾಟೈತೆ! ಇವನ್ಗೆ ಯಾವ್ ದಿಷ್ಟಿನೂ ಇಲ್ಲ ಬುಡಿ." ಯಾರೂ ನಗಲಿಲ್ಲ. ಅಜ್ಜಿ ಅವಳನ್ನೊಮ್ಮೆ ನೋಡಿ ನನ್ನತ್ತ ತಿರುಗಿದಳು. "ನಿಂಗ್ ಘಾಟಾಯ್ತೇನ್ಲಾ ಮಗ?" ಅವಳಿಗೆ ಯಾವ ಉತ್ತರ ಬೇಕೆಂದು ನನಗೆ ತಿಳಿಯಿತು. ಕೆಮ್ಮು ನುಂಗಿ "ಇಲ್ಲ" ಅಂದೆ.

ಚಿಕ್ಕಮ್ಮನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಮಾರನೆಯ ದಿನದಿಂದ ನಾನು ಉಣ್ಣುವಾಗ ಅವಳೇ ಹಿತ್ತಿಲಿಗೆ ಹೋಗತೊಡಗಿದಳು. ನಾನೂ ಅವಳ ಕಣ್ಣಿಗೆ ಬೀಳದಂತೆ ತಟ್ಟೆ ತಿರುಗಿಸಿಕೊಳ್ಳುತ್ತಿದ್ದೆ. ಸುಳ್ಳು ನನ್ನದೇ ಆದರೂ ಅನುಮಾನ ನನಗೂ ಹತ್ತಿತ್ತು. ವರ್ಷದೊಳಗೆ ಚಿಕ್ಕಪ್ಪ ಅವಳನ್ನು ಕರೆದುಕೊಂಡು ಮಾಕಳಿ ಎಂಬ ಊರಿಗೆ ಹೊರಟುಹೋದ. ನನ್ನ ಮದುವೆಗೆ ಕರೆಯಲು ಅಲ್ಲಿಗೆ ಹೋದಾಗ ಚಿಕ್ಕಮ್ಮ ಮುದ್ದೆ ಬಡಿಸಿ, ಗೋಡೆಯ ಕಡೆ ಮುಖ ಮಾಡಿ ನಿಂತಳು. "ಉಣ್ಣಪ್ಪ, ನಾನ್ ನೋಡಲ್ಲ." ಉಂಡೆ. ನಿಜ ಹೇಳಲಿಲ್ಲ. ಈಗ ಅವಳಿಲ್ಲ.

ಮೊನ್ನೆ ಮೊಮ್ಮಗಳು ರಚ್ಚೆ ಹಿಡಿದಳೆಂದು ನನ್ನ ಹೆಂಡತಿ ಬಾಣಲೆಯಲ್ಲಿ ಮೆಣಸಿನಕಾಯಿ ಸುಟ್ಟಳು. ಮಗುವನ್ನು ದಿನವೂ ಎತ್ತಿ ಆಡಿಸುವ ಮೇಲಿನ ಮನೆಯ ಬಾಡಿಗೆ ಹೆಂಗಸು ಬಾಗಿಲಲ್ಲಿದ್ದಳು. ಹೆಂಡತಿಯ ಕಣ್ಣು ಅತ್ತ ಹೊರಳಿತು. ಸೊಸೆ ಉಸಿರು ಹಿಡಿದಳು. ನಾನು ಜೋರಾಗಿ ಕೆಮ್ಮಿದೆ. ಕೂಡಲೇ ಸೊಸೆಯೂ ಕೆಮ್ಮಿದಳು, ಮಗು ಸೀನಿತು, ಬಾಗಿಲಲ್ಲಿದ್ದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು. "ನಿಮ್ಗೇನ್ರೀ ಅಷ್ಟೊಂದ್ ಕೆಮ್ಮು?" ಎಂದು ಹೆಂಡತಿ ನನ್ನನ್ನೇ ಅನುಮಾನದಿಂದ ನೋಡಿದಳು. ಕಿಟಕಿ ತೆರೆದು, ಘಾಟೆಲ್ಲ ಹೋದ ಮೇಲೂ ನಾನು ಕೆಮ್ಮುತ್ತಲೇ ಇದ್ದೆ.