ಹೊಂಡಕ್ಕಿಳಿದ ಲೈಫ್ ಜಾಕೆಟ್

ನಮ್ಮಪ್ಪ ಇವತ್ತು ಲೈಫ್ ಜಾಕೆಟ್ ಹಾಕಿಕೊಂಡು ಹಿರೇಕೆರೂರಿನ ನಮ್ಮ ಹೊಲದ ಕೃಷಿ ಹೊಂಡಕ್ಕೆ ಇಳಿದ, ಗೆಳೆಯರೇ.

ಭಾನುವಾರ ನಾನು ಕಾರವಾರದ ಸಮುದ್ರದಲ್ಲಿ ಕಯಾಕ್ ದೋಣಿ ನಡೆಸಲು ಹೋಗಬೇಕು. ಅಲ್ಲಿಯವರು ಕಳಿಸಿದ ಪಟ್ಟಿಯಲ್ಲಿ ಜಾಕೆಟ್, ಸೀಟಿ ಕಡ್ಡಾಯ. ಹಗ್ಗ ಇದ್ದರೆ ಒಳ್ಳೆಯದು. ಮೂರನ್ನೂ ತಂದಿಟ್ಟಿದ್ದೆ. "ಈ ಜಾಕೀಟು ತೇಲಸ್ತೈತೋ ಇಲ್ಲೋ ಮೊದಲ ನಾ ನೋಡ್ತೇನಿ, ಆಮ್ಯಾಲ ನೀ ಹೋಗೂದು" ಎಂದ ಅಪ್ಪ.

ತೊಂಬತ್ತು ಕೆಜಿ ಮನುಷ್ಯ ಬೆಂಡಿನ ಹಾಗೆ ತೇಲಿದ. ಖುಷಿಯಲ್ಲಿ ಎರಡು ಸುತ್ತು ಹಾಕಿದ. ಆದರೆ ಮೇಲೆ ಹತ್ತಲು ಆಗಲಿಲ್ಲ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿಗಟ್ಟಿ ಜಾರುತ್ತಿತ್ತು. ಜಾಕೆಟ್ಟಿಗೆ ಕಟ್ಟಿದ್ದ ಸೀಟಿಯನ್ನು ಜೋರಾಗಿ ಊದಿದ. ಪಕ್ಕದ ಗೋವಿನಜೋಳದ ಹೊಲದ ಕಾಕಾ, ನಾವು ಗಿಳಿ ಓಡಿಸುತ್ತಿದ್ದೇವೆಂದುಕೊಂಡು, ತಾನೂ ಡಬ್ಬಿ ಬಡಿಯತೊಡಗಿದ.

"ಅಲ್ಲೇ ಇರ್ರಿ, ಬುತ್ತಿ ಅಲ್ಲಿಗೇ ಕೊಡ್ತೇನಿ" ಎಂದಳು ಅವ್ವ.

ಕೊನೆಗೆ ಅದೇ ಹಗ್ಗ ಎಸೆದು, ನಾನೂ ಅವ್ವನೂ ನಗುತ್ತಲೇ ಜಗ್ಗಿದೆವು. ದಂಡೆಯಲ್ಲಿ ಕುಳಿತು ಸುಧಾರಿಸಿಕೊಂಡ ಅಪ್ಪ ಅಪ್ಪಣೆ ಕೊಟ್ಟ: "ಸಮುದ್ರಕ್ಕ ಆರಾಮ ಹೋಗಿ ಬಾ. ಈ ಹೊಂಡದ ಕಡೆ ಮಾತ್ರ ಹಾಯಬ್ಯಾಡ."

ಜಾಕೆಟ್ ಮಾತ್ರ ಇಷ್ಟು ಹೊತ್ತಾದರೂ ಬಿಚ್ಚಿಲ್ಲ. ಭಾನುವಾರಕ್ಕೆ ಬಸ್ಸಿನಲ್ಲಿ ಎರಡು ಸೀಟು ಹಿಡಿಯಬೇಕೇನೋ.