ಶರಣಮ್ಮನ ಕೆಮ್ಮು ಮತ್ತು ಹತ್ತು ಮಂದಿಯ ಅಭಿಪ್ರಾಯ

ಮೊನ್ನೆ ಚಿತ್ತಾಪುರದಿಂದ ಶಹಾಬಾದಿಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಅಂಗಿಯಿಂದ ಬೀಡಿಯ ವಾಸನೆ ಬಂತು. ಹಿಂದೆಲ್ಲ ಈ ದಾರಿಯಲ್ಲಿ ಬೀಡಿ ವಾಸನೆ ಬಾರದಿದ್ದರೆ ಬಸ್ಸೇ ಹೊರಟಿಲ್ಲ ಅನ್ನಿಸುತ್ತಿತ್ತು. ಈಗ ಅದು ಅಪರೂಪದ ನೆಂಟ. ಬಂದದ್ದೇ ನನ್ನನ್ನು ಖಾದರಸಾಬರ ಹೋಟೆಲಿನ ದಿನಗಳಿಗೆ ಎಳೆದುಕೊಂಡು ಹೋಯಿತು.

ಆಗ ನಾನು ಶಹಾಬಾದಿನಲ್ಲಿ ಮಾಸ್ತರ. ಮಧ್ಯಾಹ್ನದ ಊಟ ಖಾದರಸಾಬರಲ್ಲಿ. ಹೋಟೆಲೆಂದರೆ ನೆಲಕ್ಕೆ ಪರಸಿಕಲ್ಲು ಹಾಸಿದ ಒಂದೇ ಕೋಣೆ, ಒಂದೇ ಕಿಟಕಿ. ಧೂಳು ಬಂದು ಗಿರಾಕಿಗಳ ಆರೋಗ್ಯ ಕೆಟ್ಟೀತೆಂದು ಅದನ್ನೂ ಮುಚ್ಚಿಡುತ್ತಿದ್ದರು. ಮೂಲೆಯಲ್ಲಿ ಶರಣಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬೀಡಿ ಸಿಗರೇಟಿನ ಹೊಗೆಯಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ರೊಟ್ಟಿಯ ಸಪ್ಪಳ ಕೇಳುತ್ತಿತ್ತು, ನಡುನಡುವೆ ಕೆಮ್ಮು. ನಾನಂತೂ ಸೇದುವವನಲ್ಲ. ಸಂಜೆ ನನ್ನ ಅಂಗಿ ಮೂಸುತ್ತಿದ್ದ ಹೆಂಡತಿ ಇದನ್ನು ಇವತ್ತಿಗೂ ಪೂರ್ತಿ ನಂಬಿಲ್ಲ, ಅದು ಬೇರೆ ಮಾತು.

ಕಾಯ್ದೆ ಬಂದಾಗ ಖಾದರಸಾಬರು ಧೂಮಪಾನ ನಿಷೇಧದ ಬೋರ್ಡನ್ನು ಭಕ್ತಿಯಿಂದ ಗೋಡೆಗೆ ಹೊಡೆದರು. ಗಿರಾಕಿಗಳು ಅದರ ಕೆಳಗೇ ಕೂತು, ಬೀಡಿ ಹಚ್ಚಿಕೊಂಡು, ಅಕ್ಷರ ಭಾಳ ಚಂದ ಬಂದಾವ ಎಂದು ಮೆಚ್ಚಿಕೊಂಡರು. ಕಾಯ್ದೆಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಏನು ಬೇಕು ಹೇಳಿ.

ಈ ನಡುವೆ ಶರಣಮ್ಮನ ಕೆಮ್ಮು ಜೋರಾಯಿತು. ಕಲಬುರಗಿಯ ಡಾಕ್ಟರು ಎದೆ ಪರೀಕ್ಷೆ ಮಾಡಿ, ಬೀಡಿ ಬಿಡು ಅಂದರಂತೆ. ನಾ ಸೇದೇ ಇಲ್ಲ ಅಂದರೂ ಅವರು ಒಪ್ಪಲಿಲ್ಲವಂತೆ. ಇದನ್ನು ಅವಳು ನಗುತ್ತಲೇ ಹೇಳಿದಳು. ಖಾದರಸಾಬರು ನಗಲಿಲ್ಲ. ಆದರೆ ಗಿರಾಕಿ ಕೈತಪ್ಪುವ ಹೆದರಿಕೆ ಅವರಿಗೆ. ಅದಕ್ಕೆ ನಾಲ್ಕು ಮಂದಿಯನ್ನು ಕೇಳಿಯೇ ನಿಷೇಧ ಮಾಡೋಣ ಎಂದು ನಿಶ್ಚಯಿಸಿ, ಸೇದದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅಧ್ಯಕ್ಷನನ್ನಾಗಿ ಕೂಡಿಸಿದರು.

ಸಭೆ ಊಟದ ಹೊತ್ತಿಗೇ ನಡೆಯಿತು. ನಮ್ಮ ವಕೀಲರು, ದಿನಾ ಬಾಗಿಲ ಪಕ್ಕದಲ್ಲಿ ಕೂತು ಸಿಗರೇಟು ಸೇದುವವರು, ಮೊದಲು ಎದ್ದರು. ಧೂಮಪಾನ ಕೆಟ್ಟದ್ದು, ಸಾಲೆಯಲ್ಲಿ, ದವಾಖಾನೆಯಲ್ಲಿ, ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸಲೇಬೇಕು. ಇಲ್ಲಿ ಮಾತ್ರ ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆ ಬರುತ್ತದೆ ಎಂದರು. ಶರಣಮ್ಮನ ಕೆಮ್ಮಿಗೆ ಒಲೆಯ ಹೊಗೆಯೇ ಕಾರಣವೆಂದೂ ವಾದಿಸಿದರು. ಒಲೆ ಗ್ಯಾಸಿನದು. ಇನ್ನೊಬ್ಬರು, ಸೇದದಿದ್ದರೆ ತಮಗೆ ಉಂಡದ್ದು ಕರಗುವುದಿಲ್ಲ, ಪಕ್ಕದೂರು ವಾಡಿಗೆ ಹೋಗಿ ಉಣ್ಣಬೇಕಾಗುತ್ತದೆ ಎಂದರು. ಕೊನೆಗೆ, ಇದು ದುಶ್ಚಟ ಎಂದು ಎಲ್ಲರೂ ಒಪ್ಪಿ, ನಿಷೇಧ ಬೇಡವೆಂದು ಕೈ ಎತ್ತಿದರು. ಎತ್ತಿದ ಕೈಗಳಿಂದಲೂ ಹೊಗೆ ಏಳುತ್ತಿತ್ತು.

ನಾನು ತೀರ್ಪು ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶರಣಮ್ಮ ಒಲೆ ಆರಿಸಿ, ಕೈ ತೊಳೆದು, ಮುಂದೆ ಬಂದು ನಿಂತಳು.

"ನೀವು ಸೇದಿ ಮನಿಗೆ ಹೋಗ್ತೀರಿ. ನಾ ನಿಮ್ಮೆಲ್ಲಾರದೂ ಸೇದಾಕತ್ತೀನಿ. ನಾಳಿಂದ ರೊಟ್ಟಿ ನೀವೇ ಬಡಕೋರಿ."

ಅಷ್ಟೇ ಹೇಳಿ ನಡೆದುಬಿಟ್ಟಳು. ಮರುದಿನ ಖಾದರಸಾಬರು ಪಲ್ಯದ ಜೊತೆ ರೊಟ್ಟಿಯ ಬದಲು ಬೇಕರಿಯ ಪಾವ್ ಇಟ್ಟರು. ಪಾವ್ ತಿಂದು ತಿಂದು ಮಂದಿಯ ಅಭಿಪ್ರಾಯ ಮೆತ್ತಗಾಗತೊಡಗಿತು. ಅದು ಪೂರ್ತಿ ಮೆತ್ತಗಾಗುವುದನ್ನು ಕಾಯದೆ ಖಾದರಸಾಬರು ಬೀವಿಯನ್ನು ಕರೆದುಕೊಂಡು ಶರಣಮ್ಮನ ಮನೆಗೆ ಹೋದರು. "ಗಿರಾಕಿ ಹೋದ್ರ ಹೋಗ್ಲಿ ಅವ್ವಾ, ಒಳಗ ಯಾರಿಗೂ ಸೇದಗೊಡಂಗಿಲ್ಲ, ಬಾ" ಎಂದರಂತೆ. ಅವಳು ಬಂದಳು. ಗಿರಾಕಿಗಳು ಹೊರಗೆ ಬಿಸಿಲಲ್ಲಿ ನಿಂತು ಸ್ವಾತಂತ್ರ್ಯ ಅನುಭವಿಸಿ, ಒಳಗೆ ಬಂದು ಉಂಡರು. ವಾಡಿಗೆ ಯಾರೂ ಹೋಗಲಿಲ್ಲ.

ಮೊನ್ನೆ ಬಸ್ಸಿಳಿದವನು ಸೀದಾ ಅಲ್ಲಿಗೇ ನಡೆದೆ. ವಕೀಲರು ಸಿಕ್ಕರು. ಈ ಹೋಟೆಲಿನಲ್ಲಿ ಹೊಗೆ ನಿಂತದ್ದು ತಮ್ಮ ವಾದದಿಂದಲೇ ಎಂದು ನನಗೇ ತಿಳಿಸಿಕೊಟ್ಟರು. ಆಗ ನಿಷೇಧವನ್ನು ವಿರೋಧಿಸಿದವರು ಈಗ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ. ಈ ವಕೀಲರನ್ನು ಹೇಗೆ ಕೆಣಕಲಿ ಎಂದು ಯೋಚಿಸುತ್ತಲೇ ಶರಣಮ್ಮನ ಹತ್ತಿರ ಹೋಗಿ, ಕೆಮ್ಮು ಹೋಯಿತೇ ಎಂದು ಕೇಳಿದೆ.

"ಹೋಗಿಲ್ರಿ ಮಾಸ್ತರ," ಎಂದಳು. "ಮೊದ್ಲ ಎಲ್ಲಾರೂ ಕೆಮ್ಮತಿದ್ರು, ನಂದು ಯಾರಿಗೂ ಕೇಳತಿರ್ಲಿಲ್ಲ. ಈಗ ಕೇಳ್ತದ."

ಹೇಳುತ್ತಲೇ ಕೆಮ್ಮು ಬಂತು, ಬಿಡಲಿಲ್ಲ. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿದರು. ಅವಳಿಗೆ ನೀರು ತಂದುಕೊಟ್ಟವರು ವಕೀಲರು. ಅವರಿಗೆಂದು ನಾನು ಕೂಡಿಸಿಟ್ಟುಕೊಂಡಿದ್ದ ಕೊಂಕು ಮಾತು ಬಾಯಿಗೆ ಬರಲಿಲ್ಲ.